ತೋಡಿನ ಆಚೆ ಒಂದೇ ಮನೆ

ತೋಡಿಗೆ ಅಡ್ಡ ಹಾಕಿದ ಸಂಕದ ಮರ ಜಾರುತ್ತದೆ, ಕೈಯಲ್ಲಿ ಮಸಿಯ ಡಬ್ಬಿ, ಕಂಕುಳಲ್ಲಿ ಫೈಲು, ಕೆಳಗೆ ತೋಡಿನ ನೀರು ಕಲ್ಲಿನ ಹುಡಿಗೆ ಬೆಳ್ಳಗಾಗಿ ಹರಿಯುತ್ತಿದೆ — ಕಲ್ಲುಕೋರೆಯಿಂದ ನೀರಿಗೆ ಏನೂ ಬಾಧಕವಿಲ್ಲ ಎಂದು ಪತ್ರಿಕೆಗೆ ಬರೆದು ಕಳಿಸಿದವನೂ ನಾನೇ, ಆರು ತಿಂಗಳ ಟ್ರೈನಿ, ಕಂಪೆನಿಯ ಪ್ರಚಾರ ಮತ್ತು ಸರ್ಕಾರಿ ಸಂಪರ್ಕ ವಿಭಾಗ, ಅಂದರೆ ಬೆಳ್ತಂಗಡಿಯಿಂದ ಸಾಹೇಬರು ಬಂದರೆ ಎಳನೀರಿನ ಬೊಂಡ ಕೆತ್ತಿಸಿ ಕೊಡುವುದು, ಹೊಸ ರಾಜ್ಯಕ್ಕೆ ಹೊಸ ಸೇತುವೆ ಎಂದು ಕರಪತ್ರ ಬರೆಯುವುದು, ದಿನಾ ಹನ್ನೆರಡು ಗಂಟೆಗೆ ಬಂಡೆ ಒಡೆಯುವ ಮೊದಲು ಈ ಸಂಕ ದಾಟಿ, ಆಚೆ ಇರುವ ಒಂದೇ ಮನೆಗೆ ಹೋಗಿ, ಮೊಯಿದಿನಬ್ಬನವರೇ, ಮದ್ದು ಇಡ್ತಾರೆ, ಈಚೆ ಬನ್ನಿ ಎಂದು ಕರೆಯುವುದು. ಕರೆಯೋಲೆ ತಂದ್ರಾ ಮಾರಾಯ್ರೆ ಎಂದು ನಗುತ್ತಾ ಮುದುಕ ಆಡುಗಳನ್ನು ಅಟ್ಟಿಕೊಂಡು ಬರುತ್ತಿದ್ದರು. ಬಿ.ಎ. ಪಾಸಾದವನಿಗೆ ಇದೆಂಥ ಕೆಲಸ ಎಂದು ನಾನು ಮೂಗು ಮುರಿಯುತ್ತಿದ್ದೆ. ಥೂ ನನ್ನ ಜನ್ಮಕ್ಕೆ, ಅದೊಂದೇ ಅಲ್ಲವೇ ಕೆಲಸ ಎನ್ನುವಂಥ ಕೆಲಸ, ಉಳಿದದ್ದೆಲ್ಲ ಬರೀ ಬೊಗಳೆ.

ಮೊನ್ನೆ ಮಾತ್ರ ಮಧ್ಯಾಹ್ನ ಒಡೆಯಲಿಲ್ಲ, ತಹಶೀಲ್ದಾರರಿಗೆ ಬಂಡೆ ಹಾರುವುದನ್ನು ನೋಡಬೇಕಿತ್ತು, ಅವರ ಜೀಪು ಬಂದದ್ದೇ ಐದು ಗಂಟೆಗೆ, ನಾನು ಸೇತುವೆಯ ನಕ್ಷೆ ಬಿಡಿಸಿ, ಕಂಬ ತೋರಿಸಿ, ಹಲ್ಲು ಕಿರಿದು ಮುಗಿಸುವಾಗ ಹೊತ್ತು ಗುಡ್ಡಕ್ಕೆ ತಾಗಿತ್ತು. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ, ಮೂಡುಬಿದಿರೆಯಿಂದ ಹೊರಡುವಾಗ ಅಮ್ಮ ಬೇರೇನೂ ಹೇಳಲಿಲ್ಲ, ಅದೊಂದು ಬಿಡಬೇಡ ಮಗಾ ಎಂದಳು. ಬಿಡಲಿಲ್ಲ ಅಮ್ಮ, ಬಿಡಲಿಲ್ಲ. ಮೆಸ್ಸಿನಲ್ಲಿ ತಟ್ಟೆ ಇಟ್ಟಿತ್ತು, ಗಂಜಿ, ಮೇಲೆ ಒಂದು ಚಮಚ ತುಪ್ಪ, ಹೊಟ್ಟೆ ಚುರುಗುಟ್ಟುತ್ತಿತ್ತು, ಎರಡು ತುತ್ತು ಉಂಡು ಓಡಿದರಾಯಿತು ಎಂದು ಕೂತೆ — ಬಾಗಿಲಲ್ಲಿ ಮ್ಯಾನೇಜರು, ಆಚೆ ಹೇಳಿ ಬಂದೆಯಾ ಜೀವಂಧರ, ಉಣ್ಣುವಾಗ ನನಗೆ ಮೌನವ್ರತ, ತಲೆಯಾಡಿಸಿಬಿಟ್ಟೆ, ಹೌದು ಎಂದು, ಇನ್ನೂ ಅರ್ಧ ಗಂಟೆಯಾದರೂ ಬೇಕು ಮದ್ದು ತುಂಬಲು, ಅಷ್ಟರೊಳಗೆ ಹೋಗಿ ಹೇಳುವ ಎಂಬ ಲೆಕ್ಕ. ಮೂರನೆಯ ತುತ್ತಿಗೆ ನೆಲ ನಡುಗಿತು. ಮದ್ದನ್ನು ಮೊದಲೇ ತುಂಬಿಟ್ಟಿದ್ದರು. ತಟ್ಟೆಯ ಗಂಜಿ ಅಲುಗಿದ್ದನ್ನು ನಾನು ನೋಡುತ್ತಾ ಕೂತಿದ್ದೆ.

ಇದೇ ಅಂಗಳ. ಮುದುಕ ಆಡು ಕಟ್ಟುತ್ತಿದ್ದರಂತೆ, ತಲೆಗೆ ಬಡಿದ ಕಲ್ಲು ತೆಂಗಿನಕಾಯಿಯಷ್ಟೂ ದೊಡ್ಡದಿರಲಿಲ್ಲ. ರಾತ್ರಿಯೇ ನಾನು ಮ್ಯಾನೇಜರ ಕಾಲ ಬುಡದಲ್ಲಿ ಕೂತು ಎಲ್ಲ ಹೇಳಿದೆ, ಹೇಳಿಲ್ಲ ಸಾರ್, ನಾನು ಹೇಳಲೇ ಇಲ್ಲ — ಅವರು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ, ಬೆನ್ನು ಸವರಿದರು, ಹೇಳಿದ್ದೇನೆ ಅಂತಲೇ ಬರೆ, ಇದರಲ್ಲಿ ತಹಶೀಲ್ದಾರರ ಹೆಸರು ಬರಬಾರದು, ನಿನಗೂ ಜೈಲು ಬೇಡ, ಆ ಹೆಂಗಸಿನ ಹೆಬ್ಬೆಟ್ಟು ತಾ, ನಿನ್ನ ತರಬೇತಿ ಅಲ್ಲಿಗೆ ಮುಗಿಯಿತು, ಕೆಲಸ ಖಾಯಂ. ಬರೆದೆ. ಸೂಚನೆ ಕೊಟ್ಟಿದ್ದಾಗ್ಯೂ ಮೃತರು ಅಲಕ್ಷಿಸಿ. ಒಳ್ಳೆಯ ಕನ್ನಡ, ಒಂದು ತಪ್ಪಿಲ್ಲ.

ಜಗಲಿಯಲ್ಲಿ ಮೊಯಿದಿನಬ್ಬನವರ ಹೆಂಡತಿ ಬೀಯಮ್ಮನ ತಮ್ಮ ಉಮ್ಮರ್ ಚಾಪೆ ಹಾಕಿದ. ಗಂಡ ತೀರಿಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಎದುರು ಬರುವಂತಿಲ್ಲ, ಬಾಗಿಲಿಗೆ ಹಳೆಯ ಸೀರೆಯ ಪರದೆ, ಪರದೆಯ ಹಿಂದೆ ಆಕೆ ಉಸಿರಾಡುವುದು ಕೇಳಿಸುತ್ತದೆ, ಆ ದಿನ ಮೆಲ್ಕಾರಿನ ತವರಿನಲ್ಲಿದ್ದಳು, ಇಲ್ಲಿ ಯಾರು ಬಂದರು ಯಾರು ಬರಲಿಲ್ಲ ಎಂಬುದು ಅವಳಿಗೇನು ಗೊತ್ತು. ಕಾಗದ ಓದಿದೆ, ನನ್ನ ಧ್ವನಿ ನಡುಗಲಿಲ್ಲ, ಆರು ತಿಂಗಳಲ್ಲಿ ಕಲಿತದ್ದು ಅದೇ. ಈಗ ಹೇಳು, ಈಗಲಾದರೂ ಬಾಯಿ ಬಿಡು ಜೀವಂಧರ, ತಟ್ಟೆಯ ಮುಂದೆ ಕೂತಿಲ್ಲ ನೀನು — ಪರದೆಯ ಹಿಂದಿನಿಂದ ಅವಳೇ ಮಾತಾಡಿದಳು. ನೀವು ಬಂದು ಹೇಳಿದ್ರಲ್ಲ ಧಣಿ, ಅಷ್ಟು ಸಾಕು. ಅವರಿಗೆ ಈಚೆಗೆ ಕಿವಿ ಮಂದ, ಕೇಳಿಸಿರ್ಲಿಕ್ಕಿಲ್ಲ. ನಿಮ್ಮ ಮೇಲೆ ನಮಗೆ ಬೇಜಾರಿಲ್ಲ, ನೀವು ಮನಸ್ಸಿಗೆ ಹಚ್ಕೊಳ್ಬೇಡಿ.

ಪರದೆಯ ಅಂಚು ಸರಿಯಿತು, ಕೈ ಹೊರಗೆ ಬಂತು, ಮೊಣಕೈವರೆಗೆ ಬರೀ ಕೈ, ಬಳೆ ತೆಗೆದ ಜಾಗ ಬಿಳಿಚಿಕೊಂಡಿದೆ, ಉಮ್ಮರ್ ಹೆಬ್ಬೆರಳನ್ನು ಮಸಿಗೆ ಒತ್ತಿದ, ನಾನು ಕಾಗದ ಹಿಡಿದೆ, ಒತ್ತಿಯಾಯಿತು, ಸ್ಪಷ್ಟವಾಗಿ ಬಂದಿದೆ, ಒಂದೊಂದು ಗೆರೆಯೂ. ಆಯ್ತಾ ಧಣಿ ಎಂದು ಕೇಳುತ್ತಿದ್ದಾಳೆ, ಆಯ್ತು ಎನ್ನಬೇಕು, ಒಂದು ಮಾತು, ನಾಲಿಗೆ ಏಳುತ್ತಿಲ್ಲ, ತಲೆಯಾಡಿಸಿದೆ, ಪರದೆಯ ಹಿಂದೆ ಇರುವವಳಿಗೆ ನನ್ನ ತಲೆ ಎಲ್ಲಿ ಕಾಣಬೇಕು, ಕೈ ಹೊರಗೇ ಉಂಟು, ಸೀರೆಗೆ ಮಸಿ ತಾಗದ ಹಾಗೆ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದು ಕಾಯುತ್ತಿದೆ, ಕಪ್ಪು ಹೆಬ್ಬೆರಳು, ಆಯ್ತಾ ಧಣಿ, ಕೈ ಹೊರಗೇ ಉಂಟು, ಹೆಬ್ಬೆರಳು —