ಗುಂಗುರು ಕೂದಲಿನ ದಾವೆ

ಎಂಟು ವರ್ಷದ ಹುಡುಗಿಯ ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸುವ ಹುಚ್ಚು ಹತ್ತಿದ್ದು ಅವಳ ಸೋದರತ್ತೆಗೆ. ಹುಡುಗಿಯ ತಾಯಿ ಕಾಲೇಜಿನ ಪ್ರಯೋಗಾಲಯದಲ್ಲಿ ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ಹೊತ್ತಿನಲ್ಲಿ, ಒಂದು ಮಾತೂ ಕೇಳದೆ ಮಗುವನ್ನು ಗಾಜಿನ ಬಾಗಿಲಿನ ಬ್ಯೂಟಿ ಪಾರ್ಲರಿಗೆ ಕರೆದೊಯ್ದಿದ್ದಳು. ಸಂಜೆ ಮನೆಗೆ ಬಂದಾಗ ಕೂದಲೇನೋ ನೆಟ್ಟಗಿತ್ತು. ನೆತ್ತಿಯ ಮೇಲೆ ಬೊಬ್ಬೆ ಎದ್ದು ನೀರು ಜಿನುಗುತ್ತಿತ್ತು.

"ಹೋಗ್ಲಿ ಬಿಡಿ ಅತ್ತಿಗೆ, ಕೂದಲು ಮತ್ತೆ ಬರುತ್ತೆ," ಎಂದಳು ನಾದಿನಿ.

"ಬುದ್ಧಿನೂ ಹಾಗೇ ಬರುತ್ತಾ ಅಂತ ಇಷ್ಟು ವರ್ಷದಿಂದ ಕಾಯ್ತಾ ಇದ್ದೀನಿ," ಎಂದು ತಾಯಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು.

ರಾಸಾಯನಿಕ ತಗುಲಿ ಸುಟ್ಟ ಗಾಯ ಎಂದು ವೈದ್ಯರು ಬರೆದುಕೊಟ್ಟರು. ನಾಣ್ಯದಗಲದಷ್ಟು ಜಾಗದಲ್ಲಿ ಕೂದಲು ಬರುವುದು ಅನುಮಾನ ಎಂದರು.

ಮರುದಿನ ತಾಯಿ ಪಾರ್ಲರಿಗೆ ಹೋದಳು. "ನಿಮ್ಮ ಮಗು ಚರ್ಮ ತುಂಬಾ ಸೂಕ್ಷ್ಮ ಮೇಡಂ," ಎಂದು ಒಡತಿ ತುಟಿಗೆ ನಗು ಹಚ್ಚಿಕೊಂಡೇ ಹೇಳಿದಳು. ತಪ್ಪು ಚರ್ಮದ್ದೇ ಎಂಬಂತೆ. ತಾಯಿ ಕಪಾಟಿನಲ್ಲಿದ್ದ ಕ್ರೀಮಿನ ಡಬ್ಬಿ ತೆಗೆದು ತಿರುಗಿಸಿದಳು. ಹದಿನಾರು ವರ್ಷದೊಳಗಿನವರಿಗೆ ಹಚ್ಚಬಾರದು, ಇಪ್ಪತ್ತು ನಿಮಿಷ ಮೀರಬಾರದು.

"ಇದನ್ನ ಓದಿದ್ರಾ?" ಎಂದು ಮಗುವಿನ ಕೂದಲು ನೆಟ್ಟಗೆ ಮಾಡಿದ ಕೆಲಸದವಳನ್ನು ಕೇಳಿದಳು.

"ನಾನು ಡಿಪ್ಲೊಮಾ ಮಾಡಿದ್ದೀನಿ ಮೇಡಂ."

"ಗೋಡೆ ಮೇಲೆ ನೋಡಿದೆ. ಚೌಕಟ್ಟು ಚೆನ್ನಾಗಿದೆ."

ಒಡತಿ ಒಂದು ಹಾಳೆ ಮುಂದಿಟ್ಟಳು. ಒಂದು ವರ್ಷ ಮಗುವಿನ ಕೂದಲಿನ ಆರೈಕೆ ಉಚಿತ. ಬದಲಿಗೆ ಯಾವ ದೂರೂ ಇಲ್ಲವೆಂದು ತಾಯಿಯ ಸಹಿ. ನೆತ್ತಿ ಸುಟ್ಟ ಕೈಗೇ ಮತ್ತೆ ತಲೆ ಒಪ್ಪಿಸಬೇಕಂತೆ. ತಾಯಿ ಡಬ್ಬಿಯ ಫೋಟೊ ತೆಗೆದುಕೊಂಡು, ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ನೇರವಾಗಿ ವಕೀಲೆಯ ಬಳಿ ಹೋದಳು.

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತಿದ್ದ ಆ ಹಿರಿಯ ಹೆಂಗಸು ಹಾಳೆ ಓದಿ ಮೂಗು ಮುರಿದರು. "ಸಹಿ ಹಾಕದೆ ಬಂದಿದ್ದು ಒಳ್ಳೇದಾಯ್ತು. ಈಗ ಮೂರು ದಾರಿ ಇದೆಯಮ್ಮ. ನಿರ್ಲಕ್ಷ್ಯ ಅಂತ ಪೊಲೀಸರಿಗೆ ದೂರು ಕೊಡಬಹುದು. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬಹುದು, ಅದು ಎಳೆಯುತ್ತೆ. ಇಲ್ಲಾ, ಸೇವೆ ಸರಿಯಿಲ್ಲ ಅಂತ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು. ಮಗು ಪರವಾಗಿ ನೀವೇ ಹಾಕಬೇಕು. ಸಾಕ್ಷಿ ಯಾರಿದ್ದಾರೆ?"

"ನನ್ನ ನಾದಿನಿ," ಎಂದಳು ತಾಯಿ, ಬಾಯಲ್ಲಿ ಕಹಿ ಬಂದವಳಂತೆ.

ಗ್ರಾಹಕರ ನ್ಯಾಯಾಲಯವನ್ನೇ ಆರಿಸಿದರು. ವಿಚಾರಣೆಯ ದಿನ ಪಾರ್ಲರಿನ ವಕೀಲ, ಮಗು ತಲೆ ಅಲ್ಲಾಡಿಸಿದ್ದರಿಂದ ಕ್ರೀಮು ನೆತ್ತಿಗೆ ತಗುಲಿತೆಂದೂ, ಉರಿಯೆಂದು ಅದು ಬಾಯಿ ಬಿಡಲಿಲ್ಲವೆಂದೂ ವಾದಿಸಿದ. ತಾಯಿ ಅವನ ಕಡೆ ನೋಡುವ ಗೋಜಿಗೂ ಹೋಗಲಿಲ್ಲ. ನಾದಿನಿಯನ್ನು ಕರೆದರು. ಇವಳು ತನ್ನ ಮಾನ ಉಳಿಸಿಕೊಳ್ಳಲು ತಡವರಿಸುತ್ತಾಳೆಂದು ತಾಯಿ ಖಚಿತವಾಗಿ ಎಣಿಸಿದ್ದಳು.

"ಉರಿ ಅಂತ ಮೂರು ಸಲ ಹೇಳಿದ್ಳು," ಎಂದಳು ನಾದಿನಿ. "ಚೆಂದ ಕಾಣ್ಬೇಕಾದ್ರೆ ತಡ್ಕೋಬೇಕು ಅಂತ ಪಾರ್ಲರಿನವ್ರು ಗದರಿದ್ರು. ನಾನೂ ಗದರಿದೆ. ಮುಕ್ಕಾಲು ಗಂಟೆ ಬಿಟ್ಟಿದ್ರು. ನಾನು ಫೋನ್ ನೋಡ್ತಾ ಕೂತಿದ್ದೆ."

ಒಡತಿಯ ನಗು ಅಂದು ಮೊದಲ ಸಲ ಕೆಳಗಿಳಿಯಿತು.

ತೀರ್ಪು ಮಗುವಿನ ಪರವಾಗಿಯೇ ಬಂತು: ಚಿಕಿತ್ಸೆಯ ಖರ್ಚು, ಪರಿಹಾರ, ಜೊತೆಗೆ ಲಿಖಿತ ಕ್ಷಮಾಪಣೆ. ಆ ಪತ್ರದಲ್ಲಿ ಒಡತಿ 'ನಿಮಗಾದ ಅನಾನುಕೂಲ' ಎಂದು ಬರೆದಿದ್ದಳು. ತಾಯಿ ಆ ಪದದ ಕೆಳಗೆ ಕೆಂಪು ಗೆರೆ ಎಳೆದು, 'ಗಾಯ ಎಂದು ಬರೆಯಿರಿ' ಎಂದು ಸೇರಿಸಿ ವಾಪಸ್ಸು ಕಳಿಸಿದಳು. ಎರಡನೆಯ ಪತ್ರದಲ್ಲಿ ಗಾಯ ಎಂದಿತ್ತು.

ನಾದಿನಿಯ ಜೊತೆ ತಾಯಿ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಆದರೆ ಶಾಲೆಗೆ ಹೊರಡುವ ಮುಂಚೆ, ಆ ಬೋಳು ಜಾಗ ಮುಚ್ಚುವಂತೆ ಮಗುವಿಗೆ ಜಡೆ ಹಾಕಲು ನಾದಿನಿ ಬಂದರೆ, ಬಾಚಣಿಗೆಯನ್ನು ಮಾತಿಲ್ಲದೆ ಅವಳ ಕೈಗೆ ಕೊಡುತ್ತಾಳೆ.