ಮುಳ್ಳಯ್ಯನಗಿರಿಯಲ್ಲಿ ಎಲ್‌ಸಿ

ಮೂವತ್ತಾರು ವರ್ಷ ಲೈನ್‌ಮನ್ ಕೆಲಸ ಮಾಡಿದ ನನ್ನನ್ನು ಎರಡು ವರ್ಷದ ಹಿಂದೆ ಕುರ್ಚಿಗೆ ಹಾಕಿದರು. ಕೂಡ್ಲಿಗಿಯ ಹೊರಗೆ ಒಂದು ಕಂಬದ ಮೇಲೆ ತಲೆ ಸುತ್ತು ಬಂದು, ಸೊಂಟದ ಬೆಲ್ಟಿಗೆ ಹತ್ತು ನಿಮಿಷ ನೇತಾಡಿದ್ದೆ, ಅಷ್ಟೇ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಬೆಳಗ್ಗೆ ಏನೂ ತಿಂದಿಲ್ಲ, ಬೇರೇನೂ ತೊಂದರೆಯಿಲ್ಲ ಎಂದರು. ಆದರೆ ಯಾರೂ ಕೇಳಲಿಲ್ಲ. ನಾಗೇಂದ್ರಪ್ಪನಿಗೆ ವಯಸ್ಸಾಯಿತು ಎಂದು ಒಂದು ಫೋನು, ದೂರು ಬರೆದುಕೊಳ್ಳುವ ಒಂದು ಪುಸ್ತಕ ಕೊಟ್ಟು ಕೂರಿಸಿದರು. ಕರೆಂಟು ಹೋದಾಗಲೆಲ್ಲ ಊರವರಿಂದ ಬೈಸಿಕೊಳ್ಳುವ ಕೆಲಸ ಅದು. ನನಗೆ ಬಂದ ಸಿಟ್ಟು ಎರಡು ವರ್ಷವಾದರೂ ಇಳಿಯಲಿಲ್ಲ.

ನಿವೃತ್ತಿಗೆ ಎರಡು ತಿಂಗಳಿರುವಾಗ, ಜನವರಿಯಲ್ಲಿ, ಹತ್ತು ದಿನ ರಜೆ ಹಾಕಿದೆ. ಗೇರಿನ ಸೈಕಲ್ಲು ತಂದೆ. ಕೂಡ್ಲಿಗಿಯಿಂದ ಹೊರಟು ಮುಳ್ಳಯ್ಯನಗಿರಿ ಹತ್ತುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ನನ್ನನ್ನು ಕಂಬದಿಂದ ಇಳಿಸಿದವರಿಗೆಲ್ಲ ಒಂದು ಉತ್ತರ ಕೊಡಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ನನಗೇ ನಾನು ಕೊಟ್ಟುಕೊಳ್ಳಬೇಕಿತ್ತು. ಹೆಂಡತಿ ಪಕ್ಕೀರಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ಬಗ್ಗದವಳು ಮಗಳು ಸಮತಾ. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಯಾವ ಲೆಕ್ಕವನ್ನೂ ಅರ್ಧಕ್ಕೆ ಬಿಡುವುದಿಲ್ಲ.

"ಹೋಗು, ಬ್ಯಾಡ ಅನ್ನಂಗಿಲ್ಲ," ಎಂದಳು. "ಆದ್ರ ದಿನಾ ಬೆಳಿಗ್ಗೆ ನನ್ನ ಕಡಿಂದ ಎಲ್‌ಸಿ ತಗಂಡು ಹೊರಡಬೇಕು, ಸಂಜಿ ಆರರೊಳಗ ವಾಪಸ್ ಕೊಡಬೇಕು. ಒಂದಿನ ತಪ್ಪಿದ್ರೂ ಕಾರು ತಗಂಡು ಬರ್ತೀನಿ. ನಿನ್ನನ್ನೂ ಸೈಕಲ್ಲನ್ನೂ ಹೇರ್ಕಂಡು ಬರ್ತೀನಿ."

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ನಾವು ವಿದ್ಯುತ್ ಸ್ಟೇಷನ್ನಿಗೆ ಫೋನು ಮಾಡಿ, ಹೆಸರು ಹೇಳಿ ಎಲ್‌ಸಿ ಕೇಳುತ್ತೇವೆ. ಅವರು ಕರೆಂಟು ತೆಗೆದು ಒಂದು ನಂಬರು ಕೊಡುತ್ತಾರೆ. ಕೆಲಸ ಮುಗಿಸಿ, ಮಂದಿ ಎಲ್ಲ ಕೆಳಗಿಳಿದ ಮೇಲೆ, ತೆಗೆದುಕೊಂಡವನೇ ಫೋನು ಮಾಡಿ ಅದನ್ನು ವಾಪಸ್ ಕೊಡಬೇಕು. ಆಮೇಲೆಯೇ ಲೈನಿಗೆ ಕರೆಂಟು. ತೆಗೆದುಕೊಂಡವನ ಬಾಯಿಂದ ಬಾರದ ಎಲ್‌ಸಿ ಎಲ್‌ಸಿಯೇ ಅಲ್ಲ. ಬೇರೆಯವರು ಕೊಟ್ಟರೆ, ಮನುಷ್ಯ ಇನ್ನೂ ಕಂಬದ ಮೇಲೆ ಅಪಾಯದಲ್ಲಿದ್ದಾನೆ ಎಂದೇ ತಿಳಿಯಬೇಕು.

ಈ ನಿಯಮವನ್ನು ನಾನು ಒಮ್ಮೆ ಮುರಿದಿದ್ದೇನೆ. ಸಮತಾ ಎರಡನೇ ಕ್ಲಾಸಿನಲ್ಲಿದ್ದಳು. ಗೆಳೆಯ ಹೊನ್ನೂರಸ್ವಾಮಿ ಕಾನಹೊಸಹಳ್ಳಿ ಕಡೆ ಒಂದು ಲೈನಿನ ಮೇಲಿದ್ದ. ದೂರದಲ್ಲಿ ನೀಲಿ ಅಂಗಿಯವನೊಬ್ಬ ಹೊಲದಲ್ಲಿ ನಡೆದು ಬರುತ್ತಿದ್ದುದನ್ನು ಕಂಡೆ. ಹೊನ್ನೂರನೇ ಇಳಿದು ಬರುತ್ತಿದ್ದಾನೆ ಎಂದುಕೊಂಡು, ಅವನ ಹೆಸರಿನ ಎಲ್‌ಸಿಯನ್ನು ನಾನೇ ವಾಪಸ್ ಕೊಟ್ಟುಬಿಟ್ಟೆ. ಅಂಗಿ ಬೇರೆ ಯಾರದೋ. ಹೊನ್ನೂರ ಜೀವಂತ ಉಳಿದ, ಬಲಗೈಯ ಎರಡು ಬೆರಳು ಹೋದವು. ಅವನು ನನ್ನನ್ನು ಕ್ಷಮಿಸಿ ಇಪ್ಪತ್ತು ವರ್ಷವಾಯಿತು. ನನಗೆ ಇವತ್ತಿಗೂ ಅವನ ಕೈ ನೋಡಲು ಆಗುವುದಿಲ್ಲ.

ಅಂದಿನಿಂದ ಮನೆಯಲ್ಲಿ ಫ್ಯೂಜ್ ಹಾಕುವಾಗಲೂ ಎಲ್‌ಸಿ. ಪುಟ್ಟ ಸಮತಾ ಮೇನ್ ಸ್ವಿಚ್ಚಿನ ಹತ್ತಿರ ಸ್ಟೂಲಿನ ಮೇಲೆ ನಿಲ್ಲುತ್ತಿದ್ದಳು. ಅಡುಗೆಮನೆಯಿಂದ ಪಕ್ಕೀರಮ್ಮ, ನಿಮ್ಮಪ್ಪಂದು ಮುಗೀತು, ಹಾಕೇ ಎಂದು ಹತ್ತು ಸಲ ಕೂಗಿದರೂ ಹಾಕುತ್ತಿರಲಿಲ್ಲ. ನನ್ನ ದನಿಯೇ ಬೇಕು. ಬೇಕೆಂದೇ ಸುಮ್ಮನಿದ್ದು ಅವಳನ್ನು ಪರೀಕ್ಷೆ ಮಾಡಿದ್ದೂ ಉಂಟು. ಅಷ್ಟು ಗಟ್ಟಿಯಾಗಿ ಕಲಿಸಿದವನು ನಾನೇ.

ಮೊದಲ ದಿನ ಕೊಟ್ಟೂರು ದಾಟಿ ಹರಪನಹಳ್ಳಿ. ಎದುರುಗಾಳಿ ಇಲ್ಲ, ಏರು ಇಲ್ಲ, ಸೈಕಲ್ಲು ತಾನೇ ಓಡಿತು. ಹರಪನಹಳ್ಳಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ತಿನ್ನುವಾಗ, ಈ ವಯಸ್ಸಿಗೆ ಯಾಕೆ ಬೇಕಿತ್ತು ಎಂದು ಅಂಗಡಿಯವನು ಕೇಳಿದ. ಈ ವಯಸ್ಸಿಗೆ ನೀನು ಹಾಕಿದಷ್ಟು ಖಾರ ತಿನ್ನುತ್ತಿಲ್ಲವೇ ಎಂದೆ. ಆಮೇಲೆ ದಾವಣಗೆರೆ, ಚನ್ನಗಿರಿ, ತರೀಕೆರೆ. ದಿನಾ ಬೆಳಗ್ಗೆ ಎಲ್‌ಸಿ ತೆಗೆದುಕೊಂಡೆ, ದಿನಾ ಸಂಜೆ ಆರರೊಳಗೆ ಕೊಟ್ಟೆ. ಲಿಂಗದಹಳ್ಳಿ ದಾಟಿದ ಮೇಲೆ ಘಾಟಿ ರಸ್ತೆ ಶುರುವಾಯಿತು. ಬಯಲುಸೀಮೆಯ ತೊಡೆಗಳಿಗೆ ಏರು ಅಂದರೇನು ಎಂದು ಆಗ ತಿಳಿಯಿತು. ಒಂದು ದಿನವೆಲ್ಲ ಹತ್ತಿದೆ, ಮರುದಿನವೆಲ್ಲ ಕಾಲು ಹಿಡಿದುಕೊಂಡು ಮಲಗಿದೆ.

ಏಳನೇ ದಿನ, ಶನಿವಾರ, ಕೊನೆಯ ಬೆಟ್ಟ. ಮಧ್ಯಾಹ್ನ ಮೂರಕ್ಕೆ ದಾರಿಯ ಅರ್ಧದಲ್ಲಿ ಒಂದು ಚಹಾ ಗಾಡಿಯ ಹತ್ತಿರ ಕೂತೆ. ಮೊಣಕಾಲು ನೋಯುತ್ತಿದ್ದವು. ಫೋನಿನಲ್ಲಿ ಸಿಗ್ನಲ್ಲು ಒಂದು ಗೆರೆಯೂ ಇಲ್ಲ. ಚಹಾದ ಹೆಣ್ಣುಮಗಳು ಈ ಕಡೆ ಎಲ್ಲೂ ಬರುವುದಿಲ್ಲ, ರಸ್ತೆ ಮುಗಿಯುವಲ್ಲಿ, ಮೇಲೆ, ಚೆನ್ನಾಗಿ ಬರುತ್ತದೆ ಎಂದಳು. ಅಲ್ಲೇ ಹತ್ತಿರ ಯಾರದಾದರೂ ಜಗಲಿಯಲ್ಲಿ ರಾತ್ರಿ ಕಳೆದು ಬೆಳಗ್ಗೆ ಹತ್ತಿದರಾಯಿತು ಎಂದು ಮನಸ್ಸು ಸಡಿಲವಾಯಿತು. ಕೆಳಗೆ ಹೊರಟಿದ್ದ ಜೀಪಿನ ಡ್ರೈವರಿಗೆ ಮಗಳ ನಂಬರು ಬರೆದುಕೊಟ್ಟೆ. ಸಿಗ್ನಲ್ಲು ಸಿಕ್ಕ ಕೂಡಲೇ ಫೋನು ಮಾಡಿ, ನಾಗೇಂದ್ರಪ್ಪ ಆರಾಮಾಗಿದ್ದಾನೆ, ಗಾಬರಿಯಾಗಬೇಡ ಎಂದು ಹೇಳಿ ಎಂದೆ. ಪುಣ್ಯಾತ್ಮ, ಖಂಡಿತ ಹೇಳ್ತೀನಿ ಎಂದು ಹೋದ.

ಜೀಪು ತಿರುವಿನಲ್ಲಿ ಮರೆಯಾಯಿತು. ಎರಡು ಗುಟುಕು ಚಹಾ ಕುಡಿದೆ.

ನಾನು ಏನು ಮಾಡಿಬಿಟ್ಟೆ ಎಂದು ಹೊಳೆದದ್ದು ಆಗ. ನನ್ನ ಎಲ್‌ಸಿಯನ್ನು ಬೇರೊಬ್ಬನ ಬಾಯಲ್ಲಿ ಕಳಿಸಿದ್ದೆ. ಸುಮ್ಮನಿದ್ದಿದ್ದರೆ ಅವಳು ಆರು ಗಂಟೆವರೆಗೆ ಕಾಯುತ್ತಿದ್ದಳು. ಈಗ ಗುರುತಿಲ್ಲದ ದನಿಯೊಂದು ಅಪ್ಪ ಆರಾಮಾಗಿದ್ದಾನೆ ಎಂದರೆ, ಅಪ್ಪ ಆರಾಮಿಲ್ಲ ಎಂದೇ ಅವಳಿಗೆ ಅರ್ಥ. ಆ ಕ್ಷಣವೇ ಕಾರು ತೆಗೆಯುತ್ತಾಳೆ. ಅಲ್ಲಿಂದ ಇಲ್ಲಿವರೆಗೆ ಐದು ತಾಸು ಎಂಥ ಸಂಕಟದಲ್ಲಿ ಸ್ಟೇರಿಂಗ್ ಹಿಡಿಯುತ್ತಾಳೋ! ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಎರಡು ವರ್ಷದ ಸಿಟ್ಟು ಏನೂ ಅಲ್ಲ.

ಕೆಳಗೆ ಇಳಿದರೆ ಪೆಡಲ್ಲು ತುಳಿಯದೆ ಮುಕ್ಕಾಲು ಗಂಟೆಯಲ್ಲಿ ಊರು, ಸಿಗ್ನಲ್ಲು, ಎಲ್ಲ. ಆದರೆ ಇಳಿದ ಮೇಲೆ ನಾಳೆ ಈ ಮೊಣಕಾಲು ಮತ್ತೆ ಹತ್ತುವುದಿಲ್ಲ, ಅದು ನನಗೆ ಗೊತ್ತಿತ್ತು. ಮೇಲೆ ಹೋದರೆ ಆರು ಕಿಲೋಮೀಟರ್ ಕಡಿದಾದ ಏರು. ಆರಕ್ಕೆ ಮುಂಚೆ ಮುಟ್ಟಬಹುದು, ಮುಟ್ಟದಿರಬಹುದು. ಮುಟ್ಟದಿದ್ದರೆ ಬೆಟ್ಟವೂ ಹೋಯಿತು, ಮಗಳ ನಂಬಿಕೆಯೂ ಹೋಯಿತು. ಚಹಾದ ಲೋಟ ಇಟ್ಟು ಸೈಕಲ್ಲಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದೆ.

ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿದೆ. ನಡೆಯುವವರು ನನ್ನನ್ನು ದಾಟಿ ಹೋದರು. ಕಾರಿನ ಹುಡುಗರು ಕಿಟಕಿಯಿಂದ ಅಂಕಲ್ ಅಂಕಲ್ ಎಂದು ಹುರಿದುಂಬಿಸಿದರು. ಉತ್ತರ ಕೊಡಲು ಉಸಿರಿದ್ದರೆ ಅದನ್ನೂ ಕಾಲಿಗೇ ಕಳಿಸುತ್ತಿದ್ದೆ. ಕಂಬ ಹತ್ತುವಾಗ ನಾವು ತುದಿ ನೋಡುವುದಿಲ್ಲ, ಮುಂದಿನ ಹಿಡಿಕೆ ನೋಡುತ್ತೇವೆ. ಹಾಗೇ ಮುಂದಿನ ತಿರುವು ಮಾತ್ರ ನೋಡುತ್ತ ತುಳಿದೆ. ಎರಡು ಸಲ ಇಳಿದು ತಳ್ಳಿದೆ, ಸುಳ್ಳು ಯಾಕೆ ಹೇಳಲಿ.

ಐದೂ ಕಾಲಿಗೆ ಒಂದು ತಿರುವಿನಲ್ಲಿ ವಿದ್ಯುತ್ ಕಂಬ ಕಂಡಿತು. ಒಂಬತ್ತು ಮೀಟರಿನ ಕಂಬ. ಅದರ ತುದಿಗೆ ಹೋದರೆ ಒಂದು ಗೆರೆಯಾದರೂ ಸಿಗ್ನಲ್ಲು ಬರಬಹುದು. ಹತ್ತಲು ಕೈ ತುರಿಸಿತು. ಅಂಗೈ ಕಂಬಕ್ಕೆ ಒತ್ತಿ ಸ್ವಲ್ಪ ಹೊತ್ತು ನಿಂತೆ. ಈ ಲೈನಿಗೆ ನನ್ನ ಹೆಸರಿನಲ್ಲಿ ಎಲ್‌ಸಿ ಇಲ್ಲ. ಹೊನ್ನೂರನ ಬೆರಳು ಕಣ್ಣ ಮುಂದೆ ಬಂದವು, ಕೈ ತೆಗೆದು ಮತ್ತೆ ಸೈಕಲ್ಲು ಹತ್ತಿದೆ.

ಕೊನೆಯ ತಿರುವಿನಲ್ಲಿ ಮೊಣಕಾಲಿನ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ರಸ್ತೆ ಮುಗಿಯಿತು. ಅಲ್ಲಿಂದ ಮೇಲೆ ಮೆಟ್ಟಿಲು. ಜೇಬಿನಲ್ಲಿ ಫೋನು ಟಿಂಗ್ ಟಿಂಗ್ ಎಂದು ಒಂದೇ ಸಮನೆ ಬಡಿದುಕೊಂಡಿತು, ಎಲ್ಲವೂ ಸಮತಾಳ ಮಿಸ್ಡ್ ಕಾಲು. ಐದು ನಲವತ್ತೊಂದು. ಅಲ್ಲೇ ಫೋನು ಮಾಡಬಹುದಿತ್ತು. ಆದರೆ ಇನ್ನೂ ಹತ್ತೊಂಬತ್ತು ನಿಮಿಷವಿದೆ, ಮೆಟ್ಟಿಲು ಹತ್ತಿ ತುದಿ ಮುಟ್ಟಿಯೇ ಮಾಡು ಎಂದು ನನ್ನ ಹಾಳು ಹಟ ಹೇಳಿತು. ಅದರ ಬಾಯಿ ಮುಚ್ಚಿಸಿ ಫೋನು ಒತ್ತಿದೆ. ಮಗಳನ್ನು ಇನ್ನೊಂದು ನಿಮಿಷ ಕಾಯಿಸಿ ಗೆಲ್ಲುವ ಬೆಟ್ಟ ನನಗೆ ಬೇಡವಾಗಿತ್ತು.

ಒಂದೇ ರಿಂಗಿಗೆ ಎತ್ತಿದಳು. ಹಿಂದೆ ಲಾರಿಗಳ ಸದ್ದು. ಅಪ್ಪಾ ಎನ್ನಲಿಲ್ಲ.

"ಯಾರು ಮಾತಾಡದು?" ದನಿ ನಡುಗುತ್ತಿತ್ತು.

"ನಾಗೇಂದ್ರಪ್ಪ, ಲೈನ್‌ಮನ್, ಕೂಡ್ಲಿಗಿ."

"ಎಲ್‌ಸಿ ನಂಬರು?"

"ಏಳು. ಬೆಳಿಗ್ಗಿ ಆರು ಗಂಟಿಗೆ ನಿನ್ನ ಕಡಿಂದ ತಗಂಡದ್ದು. ನಡುವ ಜೀಪಿನವನ ಕೈಲೆ ಹೇಳಿ ಕಳಿಸಿದ್ದು ನಂದೇ ತಪ್ಪವ್ವ."

ಕಾರು ನಿಂತ ಸದ್ದು ಕೇಳಿತು. ಅವಳು ಅಳುತ್ತಿದ್ದಾಳೆ ಎಂದು ಗೊತ್ತಾಯಿತು, ನನ್ನ ಕಣ್ಣೂ ತುಂಬಿದವು. ದಾವಣಗೆರೆ ಹತ್ತಿರ ಬಂದಿದ್ದಳಂತೆ. ಮೂಗು ಒರೆಸಿಕೊಂಡು, ಸ್ಟೇಷನ್ನಿನವರು ಕೇಳುವ ಕೊನೆಯ ಪ್ರಶ್ನೆಯನ್ನು ಅವರದೇ ರಾಗದಲ್ಲಿ ಕೇಳಿದಳು.

"ಮಂದಿ ಎಲ್ಲಾ ಕೆಳಗ ಇಳದಾರೇನ್ರಿ?"

ನಾನು ಸುತ್ತ ನೋಡಿದೆ. ಹತ್ತಿ ಬಂದ ರಸ್ತೆ ಸುತ್ತು ಸುತ್ತಾಗಿ ಕೆಳಗೆ ಬಿದ್ದಿತ್ತು. ಸುತ್ತಲಿನ ಬೆಟ್ಟಗಳೆಲ್ಲ ನನ್ನ ಕಾಲಿನ ಮಟ್ಟದಲ್ಲಿದ್ದವು.

"ಇಲ್ರಿ ಮೇಡಂ," ಎಂದೆ. "ಒಬ್ಬಾತ ಇನ್ನೂ ಮ್ಯಾಲೇ ಅದಾನ. ಮುಂದ ಬರೇ ಮೆಟ್ಟಲ ಅದಾವು."

ಅಳುವಿನ ಮಧ್ಯೆಯೇ ಅವಳು ನಕ್ಕಳು.

"ಹಂಗಾದ್ರ ಎಲ್‌ಸಿ ವಾಪಸ್ ತಗಣಂಗಿಲ್ಲ," ಎಂದಳು. "ನಿನ್ನ ಹೆಸರಿನಾಗೇ ಇರ್ಲಿ. ಹತ್ತಪ್ಪಾ, ನಾನು ಕಾರು ತಿರುವ್ತೀನಿ."

ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ.