ಸ್ವಲ್ಪ ಅವಸರ ಕೊಡಿ

"ಕಾಲಿನ ಕಡೆ ಎತ್ತಿ ಹಿಡೀರಿ. ಹಾಂ, ಹಾಗೆ. ತಲೆ ಕಡೆಯವರು ನಿಧಾನ," ಎನ್ನುತ್ತ ಸತ್ಯಮೂರ್ತಿ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಮಲಾಡಿನ ಆ ಹಳೆಯ ಬಿಲ್ಡಿಂಗಿನ ಮೆಟ್ಟಿಲಲ್ಲಿ ಚಟ್ಟ ತಿರುಗುವುದಿಲ್ಲ. ಹಾಗಾಗಿ ಅವನ ಅಕ್ಕ ಸುಬ್ಬಲಕ್ಷ್ಮಿಯನ್ನು ದಪ್ಪ ಚಾದರದಲ್ಲಿ ಮಲಗಿಸಿ, ನಾಲ್ವರು ನಾಲ್ಕು ಮೂಲೆ ಹಿಡಿದು ಮೂರನೇ ಮಹಡಿಯಿಂದ ಇಳಿಸುತ್ತಿದ್ದರು. ಒಂದೊಂದು ಮಹಡಿಯಲ್ಲೂ ನಿಂತು ಯಾರನ್ನಾದರೂ ಮಾತಾಡಿಸದೆ ಇಳಿದವರಲ್ಲ ಸುಬ್ಬಲಕ್ಷ್ಮಿ ಟೀಚರು. ಇವತ್ತು ಎಲ್ಲೂ ನಿಲ್ಲಲಿಲ್ಲ.

ಕೆಳಗೆ ಕಾಂಪೌಂಡಿನಲ್ಲಿ ಚಟ್ಟ ಸಿದ್ಧವಾಗಿತ್ತು. ಗೇಟಿನಾಚೆ ಶವದ ಗಾಡಿ ನಿಂತಿತ್ತು. ಅದರ ಡ್ರೈವರಿಗೆ ಇನ್ನೊಂದು ಕಡೆ ಹೋಗಬೇಕಿತ್ತು. ಆಗಲೇ ಒಮ್ಮೆ ಹಾರ್ನ್ ಹೊಡೆದಿದ್ದ. ಸತ್ಯಮೂರ್ತಿ ವಾಚು ನೋಡಿಕೊಂಡ. ಅವನೇನು ಕೆಟ್ಟವನಲ್ಲ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಅರ್ಧ ಆಯುಷ್ಯ ಓಡಿದ ಮನುಷ್ಯ. ಯಾವ ಕೆಲಸವಾದರೂ ಅವನಿಗೆ ಲೋಕಲ್ ಟ್ರೈನು ಹಿಡಿದ ಹಾಗೆಯೇ. ಅಕ್ಕನಿಗಾಗಿ ಅಳುವುದನ್ನೂ ರಾತ್ರಿಗೆ ಅಂತ ಎತ್ತಿಟ್ಟಿದ್ದ, ಪಾಪ.

"ಬೆಳಿಗ್ಗೆ ಕಾಫಿಗೆ ಡಿಕಾಕ್ಷನ್ ಇಳಿಯಲಿ ಅಂತ ಕಾಯ್ತಾ ಕೂತಿದ್ರಂತೆ," ಪಕ್ಕದ ಮನೆಯ ರಾಜೀವಿ ಬಂದವರಿಗೆ ಹೇಳುತ್ತಿದ್ದಳು. "ಕೂತಲ್ಲೇ ಗೋಡೆಗೆ ಒರಗಿದ್ದು, ಅಷ್ಟೇ ಮಾರಾಯ್ರೆ. ಎಂತ ಹೇಳುದು."

"ತಿರುಮಲೇಶರು?"

"ಅವರು ಆವಾಗಿಂದ ಒಂದು ಮಾತಾಡ್ಲಿಲ್ಲ."

ಟೀಚರ ಗಂಡ ತಿರುಮಲೇಶರು ಹೆಂಡತಿಯ ತಲೆಯ ಬಳಿ ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಪುರೋಹಿತರು ಏನು ಕೇಳಿದರೂ ಬರೀ ತಲೆಯಾಡಿಸುತ್ತಿದ್ದರು.

ಆಗ ಗೇಟಿನಿಂದ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಒಳಗೆ ಬಂದರು. ಮುಂದೆ ದೇವಕ್ಕ, ಕಟ್ಟಡದ ಕೆಲಸ ಮಾಡುತ್ತ ಕೂದಲು ಬೆಳ್ಳಗಾದವಳು. ಹಿಂದೆ ಅವಳ ಮಗಳು ಸೇವಂತಿ, ಟೀಚರ ಹಳೆಯ ವಿದ್ಯಾರ್ಥಿನಿ. ಸೇವಂತಿ ನೇರ ಚಟ್ಟದ ಕಡೆ ನಡೆದಳು. ಸತ್ಯಮೂರ್ತಿ ಅಡ್ಡ ಬಂದ.

"ಸ್ನಾನ ಮಾಡ್ಸಿ ಆಗಿದೆಯಮ್ಮ. ಅಲ್ಲಿಂದ್ಲೇ ಕೈ ಮುಗೀರಿ."

"ಕೈ ಮುಗಿಯಾಕಷ್ಟ ಬಂದಿಲ್ರಿ," ಎಂದಳು ದೇವಕ್ಕ. "ನನ್ನ ಮಗಳು ಟೀಚರ್ ಮುಂದ ಒಂದು ಮಾತು ಹೇಳೂದೈತ್ರಿ. ಹೇಳ್ತೀನಂತ ಕೊಟ್ಟ ಮಾತ್ರಿ ಅದು."

"ಈಗ ಎಲ್ಲಿ ಹೇಳೋದು? ವೈಕುಂಠ ಸಮಾರಾಧನೆ ದಿನ ಬನ್ನಿ. ಎಲ್ಲಾರೂ ಇರ್ತಾರೆ, ಮಾತಾಡೋಣ."

"ಟೀಚರ್ ಇರ್ತಾರೇನ್ರಿ?"

ಸತ್ಯಮೂರ್ತಿ ಮತ್ತೆ ವಾಚು ನೋಡಿಕೊಂಡ. ಹೆಂಗಸರು ಸ್ಮಶಾನಕ್ಕೆ ಹೋಗುವಂತಿಲ್ಲ. ಚಟ್ಟ ಗೇಟು ದಾಟಿತೆಂದರೆ ಮುಗಿಯಿತು, ಸೇವಂತಿಗೆ ಆ ಮುಖ ಮತ್ತೆ ಸಿಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

*

ಸೇವಂತಿ ಓದುತ್ತಿದ್ದ ಕಾಲದಲ್ಲಿ ಟೀಚರ ಶಾಲೆಯಿದ್ದ ಕಟ್ಟಡದಲ್ಲಿ ಕೆಳಗೆಲ್ಲ ಮರಾಠಿ ಮತ್ತು ಹಿಂದಿ ಶಾಲೆ. ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಸಿಕ್ಕಿದ್ದು ಮೇಲಿನ ಬಿಸಿಲು ಕೋಣೆಗಳು. ಏಳನೇ ಇಯತ್ತೆಯ ಮಕ್ಕಳಿಗೆ ಓದಲು ಬರೆಯಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ನೀನು ಕಂಡದ್ದನ್ನು ಕಾಣದವನಿಗೆ ಕಾಣುವ ಹಾಗೆ ಹೇಳು ಎಂದರೆ ಬೆಂಚು ಕೆರೆಯುತ್ತ ಕೂರುತ್ತಿದ್ದರು. ಅದಕ್ಕೆಂದೇ ಟೀಚರು ಶುಕ್ರವಾರದ ಕೊನೆಯ ಪಿರಿಯಡ್ ಇಟ್ಟಿದ್ದರು. ಒಬ್ಬರು ಎದ್ದು ಹೇಳಬೇಕು. ಮಿಕ್ಕವರು ಕಣ್ಣು ಮುಚ್ಚಿ ಕೇಳಬೇಕು. ಕಣ್ಣೊಳಗೆ ಏನೂ ಕಾಣದಿದ್ದರೆ ಪ್ರಶ್ನೆ ಕೇಳಬೇಕು.

"ರೈಲ್ ಪಟರಿ ಮ್ಯಾಲ ಎಮ್ಮಿ ಬಂತ್ರಿ, ಲೋಕಲ್ ನಿಂತ್ರಿ," ಎಂದು ಭೀಮರಾಯ ಕೂತುಬಿಟ್ಟಿದ್ದ ಒಮ್ಮೆ.

"ನಂಗೆ ಎಮ್ಮೆ ಕಾಣ್ಲಿಲ್ಲವಲ್ಲೋ. ಯಾವ ಕಡೆ ಮುಖ ಮಾಡಿತ್ತು?"

ಅವನು ಕಣ್ಣು ಮುಚ್ಚಿ ಯೋಚಿಸಿದ. "ಬೊರಿವಲಿ ಕಡೆರಿ. ಆದ್ರ ಹೋಗೂ ಮನಸ್ಸಿದ್ದಂಗ ಕಾಣ್ಲಿಲ್ರಿ."

"ಈಗ ಕಂಡಿತು ನೋಡು," ಎಂದು ಟೀಚರು ನಕ್ಕಿದ್ದರು.

ಇನ್ನೊಂದು ನಿಯಮವಿತ್ತು. ಹೇಳುವವರು ತಡವರಿಸಿದರೆ ಯಾರೂ ಶಬ್ದ ಎತ್ತಿಕೊಡಬಾರದು. ಟೀಚರು ಮೇಜಿನ ಮೇಲೆ ಅಂಗೈ ಊರುವರು. ಅಂಗೈ ಏಳುವ ತನಕ ಎಲ್ಲರ ಬಾಯಿಗೂ ಬೀಗ. ಆ ಅಂಗೈ ಎಲ್ಲರಿಗಿಂತ ಹೆಚ್ಚು ಹೊತ್ತು ಊರಿರುತ್ತಿದ್ದದ್ದು ಸೇವಂತಿಗಾಗಿ. ಅವಳಿಗೆ ಮಾತು ತೊದಲುತ್ತಿತ್ತು. ಮೊದಮೊದಲು ಹುಡುಗರು ಗೊಣಗಿದರು.

"ಲೋಕಲ್ ಲೇಟಾದ್ರೆ ಪ್ಲಾಟ್‌ಫಾರ್ಮ್ ಬಿಟ್ಟು ಮನೆಗೆ ಹೋಗ್ತೀರೇನ್ರೋ?" ಎಂದು ಕೇಳಿದರು ಟೀಚರು. "ಕಾಯ್ತೀರಿ ತಾನೆ? ಸೇವಂತಿ ಮಾತಿಗೂ ಕಾಯಿರಿ. ಬರುತ್ತೆ."

ವರ್ಷದ ಕೊನೆಗೆ, ಈ ಪಿರಿಯಡ್ಡಿನಲ್ಲಿ ಏನು ಸಿಕ್ಕಿತು ಹೇಳಿ ಎಂದಾಗ ಸೇವಂತಿ ಎದ್ದು ನಿಂತಳು. "ಟೀಚರ್ ನನಗ ಮಾತಾಡಾಕ ಅವ... ಅವಸರ ಕೊಟ್ರು."

ಕ್ಲಾಸು ಗೊಳ್ಳೆಂದಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. "ಹಿಂದೀಲಿ ಅವಸರ ಅಂದ್ರೆ ಅವಕಾಶ ಕಣೆ. ಕನ್ನಡದಲ್ಲಿ ಗಡಿಬಿಡಿ. ನಾನು ನಿಂಗೆ ಗಡಿಬಿಡಿ ಮಾಡಿದ್ನೇನೆ?"

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಟೀಚರಿಗೆ ಏನೋ ಅನುಮಾನ ಬಂತು. ಅವಳನ್ನು ಕರೆದರು. "ಪ್ರಬಂಧದಲ್ಲಿ ಅವಕಾಶ ಅಂತ ಸರಿಯಾಗೇ ಬರ್ದಿದೀಯ. ಬಾಯಲ್ಲಿ ಯಾಕೆ ತಪ್ಪಿತು?"

"ತಪ್ಪಿಲ್ರಿ. ಆ ಶಬ್ದ ನಡುವ ನಿಂತುಬಿಡತೈತ್ರಿ. ಅ... ಅದಕ್ಕ ಬರೂ ಶಬ್ದ ಹಿಡಿದ್ನಿರಿ."

ಟೀಚರ ಮುಖದ ನಗು ಹೋಯಿತು. ಮಗುವಿನ ಜಾಣತನವನ್ನು ತಪ್ಪೆಂದುಕೊಂಡು ನಕ್ಕೆನಲ್ಲ ಎನಿಸಿತು. ಅವಳ ಕೈ ಹಿಡಿದುಕೊಂಡರು.

"ಸರಿ. ನಮ್ಮಿಬ್ಬರಿಗೂ ಅವಸರ ಅಂದ್ರೆ ಅವಕಾಶ, ಆಯ್ತಾ? ಆದ್ರೆ ಯಾವತ್ತಾದ್ರೂ ಒಂದು ದಿನ ಆ ಶಬ್ದ ನಂಗೆ ಬೇಕು. ನನ್ನ ಮುಖ ನೋಡಿ ಹೇಳ್ಬೇಕು. ಎಷ್ಟು ಹೊತ್ತಾದ್ರೂ ಕಾಯ್ತೀನಿ."

"ಹೇಳ್ತೀನ್ರಿ."

ಆ ಸಂಜೆಯಿಂದ ಆ ಮಾತು ಟೀಚರ ಮನೆಗೂ ಬಂತು. ತಿರುಮಲೇಶರಿಗೆ ಹೆಂಡತಿಯ ಮಾತನ್ನು ಅರ್ಧದಲ್ಲೇ ಕಸಿದು ತಾವೇ ಮುಗಿಸುವ ಚಾಳಿ. ಅವರು ಹಾಗೆ ಮಾಡಿದಾಗಲೆಲ್ಲ ಟೀಚರು ಊಟದ ಮೇಜಿನ ಮೇಲೆ ಅಂಗೈ ಊರಿ, "ನಂಗೂ ಸ್ವಲ್ಪ ಅವಸರ ಕೊಡ್ರೀ," ಎನ್ನುವರು. ಅವರು ನಕ್ಕು ಸುಮ್ಮನಾಗುವರು.

ಸೇವಂತಿ ದೊಡ್ಡವಳಾಗಿ ಜೋಪಡಿಗಳ ನಡುವಿನ ಬಾಲವಾಡಿಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸತೊಡಗಿದಳು. ಆಗಾಗ ಟೀಚರ ಮನೆಗೆ ಬರುತ್ತಿದ್ದಳು. ಪ್ರತಿ ಸಲ ಇವತ್ತು ಹೇಳಿಯೇ ಬಿಡಬೇಕು ಎಂದುಕೊಂಡೇ ಮೆಟ್ಟಿಲು ಹತ್ತುವಳು. ಅಷ್ಟರಲ್ಲಿ ಕಾಫಿ ಬಂದುಬಿಡುವುದು, ಬಾಲವಾಡಿಯ ಮಕ್ಕಳ ಸುದ್ದಿ ಬಂದುಬಿಡುವುದು. ಇರಲಿ, ಮುಂದಿನ ಸಲ ಎಂದು ಇಳಿದು ಹೋಗುವಳು. ಟೀಚರು ಒಮ್ಮೆಯೂ ನೆನಪಿಸಲಿಲ್ಲ.

*

ಹೊರಗೆ ಮತ್ತೆ ಹಾರ್ನ್ ಆಯಿತು.

"ನ... ನನಗ ಸ್ವಲ್ಪ ಅವಸರ ಕೊಡ್ರಿ," ಎಂದಳು ಸೇವಂತಿ.

"ಅವಸರದಲ್ಲೇ ಇದೀವಲ್ಲಮ್ಮ ನಾವೂ. ಕೇಳಿಸ್ತಾ ಇಲ್ವ ಹಾರ್ನು?" ಎಂದ ಸತ್ಯಮೂರ್ತಿ. ಹೆಗಲು ಕೊಡುವವರ ಕಡೆ ತಿರುಗಿದ. "ಹಿಡ್ಕೊಳ್ಳಿ, ಎತ್ತೋಣ."

ನಾಲ್ವರು ಬಗ್ಗಿದರು.

"ಸತ್ಯ," ಎಂದರು ತಿರುಮಲೇಶರು. ಬೆಳಗಿನಿಂದ ಬಳಸದ ದನಿ ಒರಟಾಗಿತ್ತು. "ಆ ಹುಡುಗಿಗೆ ಅವಸರ ಕೊಡು."

ಭಾವನಿಗೆ ದುಃಖದಲ್ಲಿ ಏನೋ ಆಗಿದೆ ಎಂದುಕೊಂಡ ಸತ್ಯಮೂರ್ತಿ ಮೆಲ್ಲಗೆ, "ಅದೇ ಭಾವ, ಅವಸರ ಆಗ್ತಿದೆ ಅಂತಾನೇ—" ಎಂದ.

"ನಿನ್ನ ಅವಸರ ಅಲ್ಲವೋ. ನಿನ್ನಕ್ಕನ ಅವಸರ."

ಅವರು ಕುರ್ಚಿಯಿಂದ ಎದ್ದು, ಮಂಡಿ ನೋವಿಗೆ ಮುಖ ಕಿವಿಚುತ್ತ ಚಟ್ಟದ ಪಕ್ಕ ನೆಲಕ್ಕೆ ಕೂತರು. ಬಿದಿರಿನ ಮೇಲೆ ಅಂಗೈ ಊರಿದರು. ಬಗ್ಗಿದವರು ಕೈ ಬಿಟ್ಟು ನೆಟ್ಟಗೆ ನಿಂತರು.

ಸೇವಂತಿ ಟೀಚರ ಮುಖದೆದುರು ಕೂತಳು. ಹಣೆಯ ಮೇಲೆ ಜಾರಿದ್ದ ಮಲ್ಲಿಗೆಯ ಎಸಳನ್ನು ಪಕ್ಕಕ್ಕೆ ಸರಿಸಿದಳು. ಈ ಸಲ ಅವಳನ್ನು ಯಾರೂ ತಡೆಯಲಿಲ್ಲ.

"ಟೀಚರ್, ನೀವು ನನಗ... ಅವ..."

ಶಬ್ದ ನಿಂತಿತು. ತುಟಿ ನಡುಗಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು.

"ಅವ... ಅವ..."

ರಾಜೀವಿಗೆ ತಡೆಯಲಾಗಲಿಲ್ಲ. ಪಾಪದ ಹುಡುಗಿಗೆ ಸಹಾಯ ಮಾಡೋಣವೆಂದು ಬಾಯಿ ತೆರೆದಳು. ದೇವಕ್ಕ ಅವಳ ಮೊಣಕೈ ಹಿಡಿದು ತಿರುಮಲೇಶರ ಅಂಗೈ ತೋರಿಸಿದಳು. ರಾಜೀವಿ ಬಾಯಿ ಮುಚ್ಚಿದಳು. ಗದರಿಸಲೆಂದು ಒಳಗೆ ಬಂದ ಡ್ರೈವರು ಅಷ್ಟೂ ಜನ ಉಸಿರು ಹಿಡಿದು ನಿಂತದ್ದನ್ನು ನೋಡಿ, ಕಾರಣ ತಿಳಿಯದಿದ್ದರೂ ತಾನೂ ನಿಂತ. ಸತ್ಯಮೂರ್ತಿ ವಾಚಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ರಾತ್ರಿಯ ತನಕ ಕಾಯಲು ಅದಕ್ಕೆ ಆಗಲಿಲ್ಲ.

ಗೋಡೆಯಾಚೆ ಒಂದು ಲೋಕಲ್ ಹಾದು ಹೋಯಿತು. ಅದರ ಸದ್ದು ಪೂರ್ತಿ ಅಡಗಿತು. ಯಾರೂ ಕದಲಲಿಲ್ಲ.

ಸೇವಂತಿ ಕಣ್ಣು ತೆರೆದು ಟೀಚರ ಮುಖ ನೋಡಿದಳು.

"ಅವಕಾಶ ಕೊಟ್ರಿ," ಎಂದಳು.

ತಿರುಮಲೇಶರು ಹೆಂಡತಿಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬಿದಿರಿನ ಮೇಲಿಂದ ಅಂಗೈ ಎತ್ತಿದರು.